ತಾಯಪ್ಪನ ಹೆಸರಿನ ಪದಬಂಧ

ಮಂಗಳವಾರ ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಫೋನು ಬಂದಾಗ ಗದ್ದೆಮ್ಮ ಸಾರಿನ ಕೊಪ್ಪರಿಗೆಯ ತಳ ತಿಕ್ಕುತ್ತಿದ್ದಳು. ದೇವದುರ್ಗದ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಇಬ್ಬರಲ್ಲಿ ಅವಳೊಬ್ಬಳು. ಕೈಯನ್ನು ಸೆರಗಿಗೆ ಒರೆಸಿ ಫೋನೆತ್ತಿದಳು.

“ತಾಯಪ್ಪ ಅವ್ರಾ?”

“ಅವ್ರ ಮನಿಯವ್ರ್ರೀ.”

“ನಾನು ರಾಯಚೂರಿಂದ, ಪೇಪರ್ ಆಫೀಸಿನಿಂದ ಹನುಮಂತ್ರಾಯ ಮಾತಾಡಾಕತ್ತೀನ್ರಿ. ಒಕ್ಕಲುತನದ ಪದಬಂಧ ಹಾಕಿದ್ವಲ್ಲ, ಮುನ್ನೂರ ಮ್ಯಾಲೆ ಕಾರ್ಡ್ ಬಂದಾವ. ಪೂರಾ ಸರಿ ಬರದವ್ರು ನಿಮ್ಮ ಯಜಮಾನ್ರೊಬ್ರ! ಗುರುವಾರ ಬಾ ಅನ್ರಿ ಅವ್ರಿಗೆ. ಆಧಾರ್ ಕಾರ್ಡ್ ತರ್ಲಿ. ಮಿಕ್ಸರ್ ಅದ, ಮಾನಪತ್ರ ಅದ. ಫೋಟೋ ತಗೊಂಡು ಭಾನುವಾರ ಹಾಕ್ತೀವಿ. ಹೇಳ್ತೀರಲ್ಲ?”

“ಹೂಂ” ಎಂದಳು ಗದ್ದೆಮ್ಮ.

ತಾಯಪ್ಪ ಸತ್ತು ಏಳು ತಿಂಗಳಾಗಿತ್ತು.

ಅಕ್ಕಿ ಚೀಲದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಉಮ್ಮೇ ಕುಲ್ಸುಮ್, ಇನ್ನೊಬ್ಬ ಅಡುಗೆಯವಳು, ತಲೆ ಎತ್ತಿದಳು. “ಯಾರ್ ಬೇ?”

ಗದ್ದೆಮ್ಮ ಹೇಳಿದಳು. ಕುಲ್ಸುಮ್ ಕೆನ್ನೆಗೆ ಕೈ ಹಚ್ಚಿಕೊಂಡಳು. “ಯಾ ಅಲ್ಲಾ. ಸತ್ತ ಮನಷ್ಯಾಗ ಮಿಕ್ಸರ್ ಬಂತು! ಯಾಕ ಇನ್ನೂ ಅವ್ನ ಹೆಸರು ಬರೀತಿದ್ದಿ ನೀನು?”

ಗದ್ದೆಮ್ಮ ಮತ್ತೆ ಕೊಪ್ಪರಿಗೆಯ ತಳ ತಿಕ್ಕತೊಡಗಿದಳು. ಅವಳ ಮನೆಯ ಲೈಟಿನ ಮೀಟರು ಮಾವನ ಹೆಸರಿನಲ್ಲಿದೆ; ಮಾವ ತೀರಿಕೊಂಡು ಇಪ್ಪತ್ತು ವರ್ಷ. ಬಾಗಲವಾಡದಲ್ಲಿ ಅವಳ ತವರಿನ ಎರಡು ಎಕರೆಯ ಪಹಣಿ ಇವತ್ತಿಗೂ ಮುತ್ತಜ್ಜನ ಹೆಸರಿನಲ್ಲಿದೆ. ಆ ಮುತ್ತಜ್ಜನನ್ನು ಕಂಡವರು ಯಾರೂ ಈಗ ಉಳಿದಿಲ್ಲ. ಸತ್ತವರ ಹೆಸರು ಕಾಗದದ ಮೇಲೆ ಹಾಗೇ ಇರುತ್ತದೆ, ಬದುಕಿದವರು ಅದರ ಕೆಳಗೆ ಬಾಳುತ್ತಾರೆ. ಪೋಸ್ಟ್‌ಕಾರ್ಡಿನ ಮೇಲೆ ‘ತಾಯಪ್ಪ, ವಾಲ್ವ್‌ಮನ್, ದೇವದುರ್ಗ’ ಎಂದು ಬರೆದು ಕೆಳಗೆ ತನ್ನ ಫೋನ್ ನಂಬರು ಹಾಕುವಾಗ ಅದು ತಪ್ಪು ಅಂತ ಅವಳಿಗೆ ಅನಿಸಿರಲಿಲ್ಲ. ಸರಿ ಅಂತಲೂ ಅನಿಸಿರಲಿಲ್ಲ.

ಗದ್ದೆಮ್ಮನಿಗೆ ಈಗ ನಲವತ್ನಾಲ್ಕು. ಬಾಗಲವಾಡದಲ್ಲಿ ಏಳನೆಯ ಇಯತ್ತೆವರೆಗೆ ಓದಿದಳು. ಅಪ್ಪನ ಬಳಿ ಒಂದು ಜೊತೆ ಎತ್ತಿದ್ದವು. ತಮ್ಮ ಹೊಲದ ಕೆಲಸ ಮುಗಿಸಿ ಬೇರೆಯವರ ಹೊಲಕ್ಕೂ ಗಳೆ ಹೊಡೆಯಲು ಹೋಗುತ್ತಿದ್ದ. ಬುತ್ತಿ ಒಯ್ಯುವ ಕೆಲಸ ಅವಳದು. ಅಪ್ಪ ಉಂಡು ಮುಗಿಸುವವರೆಗೆ ಎತ್ತುಗಳ ಹತ್ತಿರ ನಿಂತಿರುತ್ತಿದ್ದಳು. ನೊಗ, ಮಿಣಿ, ಕೂರಿಗೆ, ಕುಂಟೆ ಎಲ್ಲದರ ಹೆಸರೂ ಹಾಗೆ ನಿಂತಲ್ಲೇ ತಿಳಿದವು. ಕಿರಾಣಿ ಸಾಮಾನು ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ, ಅದರ ಮೇಲಿನ ಹರಿದ ಸುದ್ದಿಯನ್ನು ಕೊನೆಯ ಸಾಲಿನವರೆಗೂ ಓದುವ ಚಟವಿತ್ತು. ಹತ್ತೊಂಬತ್ತಕ್ಕೆ ಮದುವೆಯಾಗಿ ದೇವದುರ್ಗಕ್ಕೆ ಬಂದಳು.

ತಾಯಪ್ಪ ಕಲ್ಲು ಒಡೆಯುವವರ ಮಗ. ಎತ್ತಿನ ಹಗ್ಗ ಹಿಡಿದವನಲ್ಲ. ಊರಿಗೆ ಕುಡಿಯುವ ನೀರು ಬಿಡುವ ಕೆಲಸ ಅವನಿಗೆ ಸಿಕ್ಕಿತು. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಓಣಿಯಿಂದ ಓಣಿಗೆ ಹೋಗಿ, ಗುಂಡಿಯ ಮುಚ್ಚಳ ತೆಗೆದು, ವಾಲ್ವ್ ತಿರುಗಿಸಿ, ಕೊಡಗಳು ತುಂಬುವವರೆಗೆ ಅಲ್ಲೇ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದ. ನೀರು ತಡವಾದರೆ ಹೆಂಗಸರು ಬೈಯುತ್ತಿದ್ದರು. ಅವನು ನಗುತ್ತಿದ್ದ. ಅವನನ್ನು ಅರಿಯದ ಓಣಿ ಊರಲ್ಲಿರಲಿಲ್ಲ.

ಪದಬಂಧ ಶುರುವಾದದ್ದು ಹನ್ನೊಂದು ವರ್ಷದ ಹಿಂದೆ. ಬಸ್‌ಸ್ಟ್ಯಾಂಡಿನ ಎದುರು ಅಂಬಣ್ಣನ ಚಹಾದ ಹೋಟೆಲಿದೆ. ಗಿರಾಕಿಗಳೆಲ್ಲ ಓದಿಬಿಟ್ಟ ಭಾನುವಾರದ ಪೇಪರನ್ನು ತಾಯಪ್ಪ ಸೋಮವಾರ ಬೆಳಿಗ್ಗೆ ಹೆಂಡತಿಗೆ ತಂದುಕೊಡುತ್ತಿದ್ದ, ಒಲೆಗೆ, ಇಲ್ಲವೆ ಡಬ್ಬಿಗಳ ಕೆಳಗೆ ಹಾಸಲು. ಪ್ರತಿ ವಾರದ ಪದಬಂಧಕ್ಕೂ ಒಂದು ವಿಷಯವಿರುತ್ತಿತ್ತು. ಒಂದು ವಾರ ಅಡುಗೆಮನೆಯ ಸಾಮಾನು, ಇನ್ನೊಂದು ವಾರ ಹಕ್ಕಿಗಳು, ಮತ್ತೊಂದು ವಾರ ಬಣ್ಣಗಳು. ಚೌಕಕ್ಕೆ ಒಂದು ಅಕ್ಷರ. ತುಂಬಿದ ಚೀಟಿ ಕತ್ತರಿಸಿ ಪೋಸ್ಟ್‌ಕಾರ್ಡಿಗೆ ಅಂಟಿಸಿ ಕಳಿಸಬೇಕು; ಅಳಿಸಿ ತಿದ್ದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದ್ದುದು ಒಂದೇ ಚೀಟಿ. ತಿದ್ದಲು ಜಾಗವಿಲ್ಲ. ಅದಕ್ಕೆ ಗದ್ದೆಮ್ಮ ತನ್ನದೇ ಒಂದು ರೀತಿ ಕಂಡುಕೊಂಡಳು. ಮಕ್ಕಳ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ, ಅಡುಗೆ ಕೋಣೆಯ ಪರಸಿ ಕಲ್ಲಿನ ನೆಲವನ್ನು ಒಣ ಬಟ್ಟೆಯಿಂದ ಒರೆಸಿ, ಮಾಸ್ತರರು ಬಿಟ್ಟ ಸುಣ್ಣದ ಕಡ್ಡಿಯ ತುಂಡಿನಿಂದ ದೊಡ್ಡದಾಗಿ ಚೌಕ ಹಾಕುವಳು. ಅದರೊಳಗೆ ಕೂತು ತುಂಬುವಳು. ಎಡದಿಂದ ಬಲಕ್ಕೆ ಬರೆಯುವಾಗ ಬಾಗಿಲ ಕಡೆ ಮುಖ, ಮೇಲಿನಿಂದ ಕೆಳಕ್ಕೆ ಬರೆಯುವಾಗ ಒಲೆಯ ಕಡೆ ಮುಖ. ತಪ್ಪಿದರೆ ಬೆರಳಿಂದ ಅಳಿಸುವಳು. ಎಲ್ಲ ಕೂಡಿಬಂದ ಮೇಲೆ ಚೀಟಿಗೆ ಇಳಿಸಿ, ನೆಲಕ್ಕೆ ಹಸಿ ಬಟ್ಟೆ ಎಳೆಯುವಳು. ಕುಲ್ಸುಮ್ ಮಾತ್ರ ನೋಡಿದ್ದಳು. “ಇದೇನ್ ಬೇ, ಕುಂಟಾಬಿಲ್ಲಿ ಆಡೋ ವಯಸ್ಸೇನು ನಿಂದು?” ಎಂದು ನಗುವಳು.

ಮೊದಲ ಚೀಟಿ ತುಂಬಿ ಮನೆಗೆ ಒಯ್ದಾಗ ತಾಯಪ್ಪ ಕೇಳಿದ್ದ, “ಯಾರ ಹೆಸರು ಹಾಕ್ಲಿ?”

“ನಿಂದ ಹಾಕು. ಮತ್ಯಾರದು?” ಎಂದಿದ್ದಳು ಅವಳು.

ಅವನು ಅಂಟು ಹಚ್ಚಿ, ದುಂಡಗಿನ ಅಕ್ಷರದಲ್ಲಿ ವಿಳಾಸ ಬರೆದು, ಡಬ್ಬಿಗೆ ಹಾಕಿ ಬಂದ. ಹನ್ನೊಂದು ವರ್ಷ ಹಾಗೇ ನಡೆಯಿತು. ವರ್ಷಕ್ಕೊಮ್ಮೆಯೋ ಎರಡು ಸಲವೋ ‘ಸರಿಯುತ್ತರ ಕಳಿಸಿದವರು’ ಎಂಬ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಅವನ ಹೆಸರು ಬರುತ್ತಿತ್ತು. ಜನ ಅವನನ್ನು ಪದಬಂಧದ ತಾಯಪ್ಪ ಅಂದರು. ನೀರಿಗೆ ಬಂದವರು ಕಷ್ಟದ ಮಾತಿಗೆ ಅರ್ಥ ಕೇಳತೊಡಗಿದರು. ಅವನು ಮನೆಗೆ ಬಂದು, ಮಗಳು ಪ್ರಿಯದರ್ಶಿನಿ ಪುಸ್ತಕ ಹಿಡಿದು ಕೂತಿರುವಾಗ, ಪರೀಕ್ಷೆ ಮಾಡುವವನ ಹಾಗೆ ಕೇಳುವನು: “ಏ, ಇದಕ ಏನಂತಾರ ಹೇಳು ನೋಡಣ. ನಿನಗ ಬರತದೇನು?” ಗದ್ದೆಮ್ಮ ಹೇಳುವಳು. “ಹಾಂ, ಬರೋಬ್ಬರಿ” ಎನ್ನುವನು. ಮಗಳಿಗೆ ಕಂಡದ್ದು ಅಷ್ಟು: ಅಪ್ಪ ಕೇಳುತ್ತಾನೆ, ಅವ್ವ ಉತ್ತರ ಹೇಳುತ್ತಾಳೆ, ಅಪ್ಪ ತಲೆಯಾಡಿಸುತ್ತಾನೆ, ಆಮೇಲೆ ಅಪ್ಪ ಕಾರ್ಡು ಬರೆಯುತ್ತಾನೆ. ನೆಲದ ಮೇಲಿನ ಚೌಕ ಅವಳು ಕಂಡಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ತಾಯಪ್ಪ ವಾಲ್ವ್ ತೆರೆದು ಕಟ್ಟೆಯ ಮೇಲೆ ಕೂತವನು ಹಾಗೇ ಒರಗಿದ. ಓಣಿಯವರು ಕೊಡ ತುಂಬಿಕೊಂಡು ಹೋಗುತ್ತಿದ್ದರು. ನೀರು ನಿಲ್ಲಿಸುವ ಹೊತ್ತು ಮೀರಿ ಹರಿದಾಗಲೇ ಯಾರೋ ಹತ್ತಿರ ಹೋಗಿ ನೋಡಿದ್ದು.

ಗದ್ದೆಮ್ಮ ಅಳಲಿಲ್ಲ. ಮಣ್ಣಿನ ದಿನವೂ ಇಲ್ಲ, ದಿನಕರ್ಮದ ದಿನವೂ ಇಲ್ಲ. ಬಂದ ಹೆಂಗಸರು ಅವಳನ್ನು ಅಳಿಸಲು ನೋಡಿ ತಾವೇ ಅತ್ತು ಹೋದರು. “ಕಲ್ಲಾಗ್ಯಾಳ” ಅಂದರು. ಅಳು ಬರುತ್ತದೆಂದು ಅವಳೂ ಒಂದಿಷ್ಟು ದಿನ ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟಳು. ಕೆಲಸಕ್ಕೆ ಹೋದಳು. ಸಾರಿಗೆ ಉಪ್ಪು ಸರಿಯಾಗಿಯೇ ಬೀಳುತ್ತಿತ್ತು. ಹಸಿವಾದಾಗ ಉಂಡಳು. ಕುಲ್ಸುಮಳ ಜೋಕಿಗೆ ನಗಬೇಕಾದಲ್ಲಿ ನಕ್ಕಳು. ಸೋಮವಾರ ಶಾಲೆಗೆ ಹೋಗುವಾಗ ಅಂಬಣ್ಣ ಹೋಟೆಲಿನಿಂದ ಹೊರಗೆ ಬಂದು, ಏನೂ ಹೇಳದೆ, ಭಾನುವಾರದ ಪೇಪರನ್ನು ಅವಳ ಕೈಗಿಟ್ಟ. ಸತ್ತವರ ಮನೆಗೆ ಯಾರಾದರೂ ಏನಾದರೂ ಕೊಡುತ್ತಾರೆ, ಇದೂ ಹಾಗೇ ಎಂದುಕೊಂಡು ತೆಗೆದುಕೊಂಡಳು. ಮಧ್ಯಾಹ್ನ ನೆಲದ ಮೇಲೆ ಚೌಕ ಹಾಕಿದಳು. ಅವನ ಹೆಸರು ಬರೆದಳು. ಮುಂದಿನ ಸೋಮವಾರವೂ ಅಂಬಣ್ಣ ಕೊಟ್ಟ.

ಒಕ್ಕಲುತನದ ಪದಬಂಧವನ್ನು ತುಂಬಲು ಅವಳಿಗೆ ಅರ್ಧ ತಾಸು ಹಿಡಿದಿರಲಿಲ್ಲ. ಕಣದ ನಡುವಿನ ಕಂಬ, ಎರಡಕ್ಷರ: ಮೇಟಿ. ಅದರ ಸುತ್ತ ತೆನೆ ತುಳಿಯುವ ಎತ್ತುಗಳ ಸಾಲು, ಎರಡಕ್ಷರ: ಹಂತಿ. ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಪಟ್ಟಿ, ಮೂರಕ್ಷರ: ಜತ್ತಿಗೆ. ಈಗ ಇವು ಯಾವ ಕಣದಲ್ಲೂ ಇಲ್ಲ. ಮಿಷನ್ನು ಬಂದು ಒಂದೇ ತಾಸಿನಲ್ಲಿ ರಾಶಿ ಮಾಡಿ ಹೋಗುತ್ತದೆ. ಬರೆಯುವಾಗ ಅಪ್ಪನೂ ನೆನಪಾಗಲಿಲ್ಲ, ಎತ್ತುಗಳೂ ನೆನಪಾಗಲಿಲ್ಲ. ಅಕ್ಷರಗಳು ಬಂದು ಚೌಕದಲ್ಲಿ ಕೂತವು, ಅಷ್ಟೇ.

“ಹೋಗಿ ನಾನಽ ತುಂಬಿದ್ದು ಅಂತ ಹೇಳು” ಅಂದಳು ಕುಲ್ಸುಮ್. “ಖುದ್ದು ನಿನ್ನ ಮೆಹನತ್ತು. ಫೋಟೋ ನಿಂದು ಬರ್ಲಿ.”

“ಹಂಗಂದ್ರ ಅವ್ನು ಒಂದಕ್ಷರನೂ ತುಂಬಿದ್ದಿಲ್ಲ ಅಂತಾತಲ್ಲ.”

“ತುಂಬಿದ್ದಿಲ್ಲಲ್ಲ ಮತ್ತ?”

“ಊರಿಗೆ ಗೊತ್ತಿಲ್ಲಲ್ಲ.”

ಕುಲ್ಸುಮ್ ಅಡಿಕೆ ಚೂರು ಉಗುಳಿದಳು. “ನೀನೊಬ್ಬಾಕಿ.”

ಸಂಜೆ ಗದ್ದೆಮ್ಮ ಮಗಳಿಗೆ ಫೋನು ಮಾಡಿದಳು. ಪ್ರಿಯದರ್ಶಿನಿಯನ್ನು ಮಾನ್ವಿಗೆ ಕೊಟ್ಟು ಎರಡು ವರ್ಷವಾಗಿದೆ. ಅಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಬಹುಮಾನದ ಮಾತು ತೆಗೆಯಬೇಕೆಂದೇ ಗದ್ದೆಮ್ಮ ಫೋನು ಹಚ್ಚಿದ್ದು. ಅಷ್ಟರಲ್ಲಿ ಮಗಳೇ ಶುರು ಮಾಡಿದಳು:

“ಯವ್ವಾ, ಇವತ್ತ ನಮ್ಮ ಸಾಲ್ಯಾಗ ಹೆಡ್ ಮೇಡಮ್ಮು ಕೇಳಿದ್ರು, ನಿಮಗ ಓದೋ ಹುಚ್ಚು ಎಲ್ಲಿಂದ ಬಂತು ಅಂತ. ನಮ್ಮಪ್ಪನಿಂದ ಅಂದೆ. ನೀರು ಬಿಡೋ ಮನಷ್ಯಾ, ಪದಬಂಧ ತುಂಬತಿದ್ದ ಅಂದ್ರ ನಂಬವಲ್ರು ನೋಡು.”

ಮಗಳ ಮದುವೆಯಲ್ಲಿ ಅವಳ ಮಾವ ಹಂಪಯ್ಯ ಬಂದವರಿಗೆಲ್ಲ “ನಮ್ಮ ಬೀಗರು ಪದಬಂಧದವ್ರು” ಎಂದೇ ಗುರುತು ಹೇಳಿದ್ದ. ತಾಯಪ್ಪ ಬಿಟ್ಟುಹೋದದ್ದು ಎರಡು ಕೋಣೆಯ ಮನೆ, ಒಂದು ಸೈಕಲ್ಲು, ಮತ್ತು ಈ ಹೆಸರು. ಗದ್ದೆಮ್ಮ, “ಊಟಾತೇನು?” ಎಂದು ಕೇಳಿ ಫೋನು ಇಟ್ಟಳು.

ಗುರುವಾರ ರಜೆ ಹಾಕಿದಳು. ಗಂಡನ ಆಧಾರ್ ಕಾರ್ಡನ್ನು ಕರ್ಚೀಫಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ಬಸ್‌ಸ್ಟ್ಯಾಂಡಿನಲ್ಲಿ ಅಂಬಣ್ಣ ಕಂಡು, “ಎಲ್ಲಿಗಬೇ ಅಕ್ಕಾ?” ಎಂದ. “ರಾಯಚೂರಿಗೆ. ಪೇಪರ್ ಆಫೀಸಿಗೆ” ಎಂದು ಬಸ್ಸು ಹತ್ತಿದಳು. ಗಬ್ಬೂರು ದಾಟುವವರೆಗೂ ಅಲ್ಲಿ ಏನು ಹೇಳಬೇಕೆಂದು ಯೋಚಿಸಲು ನೋಡಿದಳು. ಯೋಚನೆ ಹಿಡಿತಕ್ಕೆ ಬರಲಿಲ್ಲ. ಕಿಟಕಿಯಾಚೆ ಹತ್ತಿ ಹೊಲಗಳು ಬಂದವು, ಹೋದವು.

ಪತ್ರಿಕೆಯ ಕಚೇರಿ ಮಹಡಿಯ ಮೇಲಿತ್ತು. ಹನುಮಂತ್ರಾಯ ಐವತ್ತು ದಾಟಿದ, ಕನ್ನಡಕವನ್ನು ಹಣೆಗೇರಿಸಿಕೊಂಡ ಮನುಷ್ಯ. ಪದಬಂಧ ಹೆಣೆಯುವವನೂ ಅವನೇ. ಅವಳ ಹಿಂದೆ ಬಾಗಿಲ ಕಡೆ ನೋಡಿದ.

“ಯಜಮಾನ್ರು ಎಲ್ರೀ?”

“ನೀರು ಬಿಡಾಕ ಹೋಗ್ಯಾರ್ರಿ.”

ಇಪ್ಪತ್ತೈದು ವರ್ಷ, ಬಾಗಿಲಿಗೆ ಬಂದು ತಾಯಪ್ಪ ಎಲ್ಲಿ ಎಂದು ಕೇಳಿದವರಿಗೆಲ್ಲ ಅವಳು ಹೇಳಿದ ಮಾತು ಅದು. ಈಗಲೂ ಅದೇ ಬಾಯಿಗೆ ಬಂತು. ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

“ಅಯ್ಯ, ಅವ್ರ ಬರಬೇಕಿತ್ತು” ಎಂದು ಹನುಮಂತ್ರಾಯ ಕುರ್ಚಿ ಎಳೆದುಕೊಟ್ಟ. ಮೇಜಿನ ಮೇಲೆ ಅವಳ ಕಾರ್ಡು ಇತ್ತು. “ನೋಡ್ರಿ, ಈ ಜತ್ತಿಗೆ ಯಾರಿಗೂ ಬಂದಿಲ್ಲ. ಒಬ್ರಿಗೂ! ಪದವೀಧರರು ಬರದಾರ, ರಿಟೈರಾದ ಮಾಸ್ತರ್ರು ಬರದಾರ. ಯಜಮಾನ್ರು ಒಕ್ಕಲುತನ ಮಾಡಿದವ್ರೇನು?”

“ಇಲ್ರೀ. ಕಲ್ಲು ಒಡಿಯೋರ ಮನಿ.”

“ಮತ್ತ ಹೆಂಗ ಗೊತ್ತು?”

ಗದ್ದೆಮ್ಮ ಕಾರ್ಡನ್ನೇ ನೋಡುತ್ತಿದ್ದಳು. “ಜತ್ತಿಗಿ ಹಳೇದಾದ್ರ ಬಿರುಸಾಗ್ತದ್ರಿ. ಎತ್ತಿನ ಕೊಳ್ಳು ಕೊರೀತದ. ಅದಕ ಅಮಾಸಿಗೊಮ್ಮಿ ಎಣ್ಣಿ ಹಚ್ಚಿ ತಿಕ್ಕಬೇಕು. ತಿಕ್ಕದವ್ರ ಎತ್ತು ನೋಡಿದ್ರ ಗೊತ್ತಾಗ್ತದ, ಕೊಳ್ಳಾಗ ಕೂದಲಾ ಇರಂಗಿಲ್ಲ.”

ಹನುಮಂತ್ರಾಯ ಕನ್ನಡಕ ಕೆಳಗಿಳಿಸಿ ಅವಳನ್ನು ನೋಡಿದ. “ನಿಮಗೂ ಬರತದಲ್ರೀ!”

“ಅವ್ರು ಹೇಳತಿದ್ರು” ಎಂದಳು ಗದ್ದೆಮ್ಮ.

ಮಿಕ್ಸರಿನ ಡಬ್ಬಿ ಕಪಾಟಿನ ಮೇಲೆ ಇತ್ತು. ಗೆದ್ದವರೇ ಬಂದು ಸಹಿ ಮಾಡಬೇಕು, ಫೋಟೋಕ್ಕೆ ನಿಲ್ಲಬೇಕು, ಅದು ನಿಯಮ, ಎಂದು ಅವನು ನೊಂದುಕೊಂಡೇ ಹೇಳಿದ. ಹದಿನೈದು ದಿನದ ಗಡುವಿದೆ, ಯಾವತ್ತಾದರೂ ಒಂದು ದಿನ ಕಳಿಸಿ, ಫೋಟೋ ಆ ವಾರ ಹಾಕಿದರಾಯಿತು. ಅವಳು ತಲೆಯಾಡಿಸಿ ಮೆಟ್ಟಿಲಿಳಿದಳು. ಆಧಾರ್ ಕಾರ್ಡು ಕರ್ಚೀಫಿನಲ್ಲೇ ಇತ್ತು. ಗಂಡನ ಹೆಸರು ಉಳಿಯಿತು, ಮಿಕ್ಸರು ಹೋಯಿತು, ಎಂದು ಲೆಕ್ಕ ಮುಗಿಸಿದಳು. ಎರಡರಲ್ಲಿ ಯಾವುದಕ್ಕೂ ಏನೂ ಅನಿಸಲಿಲ್ಲ.

ದೇವದುರ್ಗದಲ್ಲಿ ಇಳಿದಾಗ ನಾಲ್ಕು ಗಂಟೆ. ಅಂಬಣ್ಣ ಹೋಟೆಲಿನ ಮೆಟ್ಟಿಲ ಮೇಲೆಯೇ ನಿಂತಿದ್ದ. “ಅಕ್ಕಾ, ಬಾ ಇಲ್ಲಿ. ಏನು ಕೊಟ್ರು?”

“ಏನೂ ಕೊಡ್ಲಿಲ್ಲ.”

“ಯಾಕ?”

“ಗೆದ್ದವ್ರ ಬರಬೇಕಂತ.”

“ಗೆದ್ದಾಕಿ ನೀನಽ ಹೋಗಿದ್ದೆಲ್ಲ! ಮತ್ಯಾರನ್ನ ಕಳಸಬೇಕಂತ ಅವ್ರಿಗೆ?”

ಗದ್ದೆಮ್ಮ ಅವನ ಮುಖ ನೋಡಿದಳು. ಅಂಬಣ್ಣ ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿ ಚಹಾ ಇಟ್ಟ. ಅಂಗಡಿ ಖಾಲಿ ಇತ್ತು.

“ಯಾರು ಹೇಳಿದ್ರು ನಿನಗ?” ಎಂದಳು.

“ಯಾರ್ ಹೇಳ್ತಾರ? ತಾಯಪ್ಪನಽ. ಇಡೀ ಊರಿಗೆ ಗೊತ್ತದಲ್ಲಬೇ. ಓಣಿ ಓಣಿಗೆ ವಾಲ್ವ್ ತಿರುವುಗೊಂತ ಹೇಳ್ತಿದ್ದ, ಈ ವಾರ ನಮ್ಮಾಕಿ ಒಂದೂ ತಪ್ಪಿಲ್ಲ ಅಂತ. ಯಾರರ ಮಾತಿನ ಅರ್ಥ ಕೇಳಿದ್ರ, ತಡೀರಿ, ಮನ್ಯಾಗ ಕೇಳ್ಕೊಂಡು ಬರ್ತೀನಿ ಅಂತಿದ್ದ. ಮರುದಿನ ಬಂದು, ನಮ್ಮಾಕಿ ಹಿಂಗ ಹೇಳಿದ್ಲು ಅಂತಿದ್ದ. ನಾವು ಅವ್ನಿಗೆ ಪದಬಂಧದ ತಾಯಪ್ಪ ಅಂತಿದ್ದದ್ದು ಚಾಷ್ಟಿಗಿ. ಅವ್ನೂ ನಗತಿದ್ದ.” ಅಂಬಣ್ಣ ಮೇಜು ಒರೆಸಿದ. “ಇಲ್ಲಾಂದ್ರ ಏಳು ತಿಂಗಳು ನಾ ಪೇಪರ್ ಯಾಕ ಕೊಡ್ತಿದ್ದೆ ನಿನಗ?”

ಚಹಾದ ಮೇಲೆ ಕೆನೆ ಕಟ್ಟಿತು. ಗದ್ದೆಮ್ಮ ಅದನ್ನು ಬೆರಳಿಂದ ಬದಿಗೆ ಸರಿಸಿದಳು.

“ಮಗಳಿಗೆ?”

ಅಂಬಣ್ಣ ಒರೆಸುವ ಬಟ್ಟೆ ಮಡಚಿ ಹೆಗಲಿಗೆ ಹಾಕಿಕೊಂಡ. “ಮಗಳ ಮುಂದ ಮಾತ್ರ ಅನಬ್ಯಾಡ್ರಪಾ ಅಂತಿದ್ದ. ಆಕಿ ನನ್ನ ಶಾಣ್ಯಾ ಅಂತ ತಿಳದಾಳ, ಇರ್ಲಿ ಒಂದಿಷ್ಟು ದಿನ ಅಂತಿದ್ದ. ಮದುವಿ ಆದ ಮ್ಯಾಲೆ ನಾನಽ ಹೇಳ್ತೀನಿ ಅಂತಿದ್ದ.”

“ನನಗ ಯಾಕ ಹೇಳ್ಲಿಲ್ಲ?”

“ನಿನಗೇನು ಹೇಳೋದದ? ತುಂಬಾಕಿ ನೀನು.”

“ಊರ ಮುಂದ ಹೇಳ್ತೀನಿ ಅನ್ನದು ಹೇಳಬೇಕಿತ್ತಲ್ಲ ನನಗ.” ಅವಳ ದನಿ ಏರಿರಲಿಲ್ಲ. “ಹನ್ನೊಂದು ವರ್ಷ. ಬರೇ ಬರೋಬ್ಬರಿ ಅಂತಿದ್ದ. ಅದೂ ತನಗ ಮೊದಲಽ ಗೊತ್ತಿತ್ತು ಅನ್ನೋರಂಗ. ಇವ್ನ ಮರ್ಯಾದಿ ಹೋಗ್ತದ ಅಂತ ನಾನು ರಾಯಚೂರು ತನ ಹೋಗಿ ಸುಳ್ಳು ಹೇಳಿ ಬಂದೆ. ಊರತುಂಬ ಹೇಳ್ಕೊಂಡು ತಿರಗ್ಯಾನ, ಮನ್ಯಾಗ ಬಾಯಿ ಬಿಟ್ಟಿಲ್ಲ.”

“ಗಂಡಸರದು ಹಂಗ ಇರ್ತದಬೇ” ಎಂದ ಅಂಬಣ್ಣ.

“ಸುಡ್ಲಿ” ಎಂದಳು ಗದ್ದೆಮ್ಮ. ಏಳು ತಿಂಗಳಲ್ಲಿ ಅವಳಿಗೆ ಸಿಟ್ಟು ಬಂದದ್ದು ಇದೇ ಮೊದಲು. ಅದು ಬಂದದ್ದು ಅವಳಿಗೂ ಗೊತ್ತಾಯಿತು. ಚಹಾ ಪೂರ್ತಿ ಕುಡಿದಳು.

ಅಲ್ಲೇ ಬೆಂಚಿನ ಮೇಲೆ ಕೂತು ಮಂಗಳವಾರ ಬಂದಿದ್ದ ನಂಬರು ಹುಡುಕಿ ಒತ್ತಿದಳು.

“ಹನುಮಂತ್ರಾಯ್ರಾ? ಮುಂಜಾನಿ ಬಂದಿದ್ದೆ ನೋಡ್ರಿ, ದೇವದುರ್ಗದಾಕಿ. ಅವ್ರು ನೀರು ಬಿಡಾಕ ಹೋಗಿಲ್ರೀ. ಸತ್ತಾರ. ಏಳು ತಿಂಗಳಾತು. ತುಂಬಿದಾಕಿ ನಾನು.”

“ಜತ್ತಿಗಿಗೆ ಎಣ್ಣಿ ಅಂದಾಗನಽ ನನಗ ಸಂಶಯ ಬಂತು ತಾಯಿ” ಎಂದ ಹನುಮಂತ್ರಾಯ. ನಿಯಮದ ಬಗ್ಗೆ ಸಂಪಾದಕರನ್ನು ಕೇಳಬೇಕಾಗುತ್ತದೆ, ಆದರೆ ಅಕ್ಷರ ಕಾರ್ಡಿನ ಮೇಲಿದೆ, ಬರೆದು ತೋರಿಸಿದರೆ ಆಯಿತು ಎಂದ. “ಹೆಸರು ಏನಂತ ಹಾಕ್ಲಿ?”

“ಗದ್ದೆಮ್ಮ ಅಂತ ಹಾಕ್ರಿ. ಇವತ್ತಽ ಬ್ಯಾಡ. ಮೊದಲು ಮಗಳಿಗೆ ಹೇಳ್ತೀನಿ. ಆಮ್ಯಾಲೆ ಹಾಕ್ರಿ.”

ಮಾನ್ವಿಯಲ್ಲಿ ಶಾಲೆ ಬಿಟ್ಟು ಪ್ರಿಯದರ್ಶಿನಿ ಮನೆಗೆ ನಡೆಯುತ್ತಿದ್ದಳು. ಗದ್ದೆಮ್ಮ ಅವಳಿಗೆ ಫೋನು ಹಚ್ಚಿ ಸುತ್ತು ಬಳಸದೆ ಹೇಳಿದಳು. ಚೌಕ ಎಲ್ಲಿ ಹಾಕುತ್ತಿದ್ದೆ, ಯಾವಾಗ ಹಾಕುತ್ತಿದ್ದೆ, ಅಪ್ಪ ಏನು ಮಾಡುತ್ತಿದ್ದ, ಓಣಿಯಲ್ಲಿ ಏನು ಹೇಳುತ್ತಿದ್ದ, ನಿನ್ನ ಮುಂದೆ ಯಾಕೆ ಹೇಳಲಿಲ್ಲ. ಅಂಬಣ್ಣ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಾ ನಿಂತ.

ಮಗಳು ರಸ್ತೆಯ ಬದಿಗೆ ನಿಂತಿರಬೇಕು. ವಾಹನಗಳ ಸದ್ದು ಮಾತ್ರ ಕೇಳುತ್ತಿತ್ತು. “ಮದುವಿ ಆದ ಮ್ಯಾಲೆ ಹೇಳ್ತೀನಿ ಅಂದಿದ್ನಾ?” ಎಂದಳು.

“ಹೂಂ.”

“ಎರಡು ವರ್ಷಾತು ಮದುವಿಯಾಗಿ.”

“ನಾಳೆ ನಾಳೆ ಅಂದಿರ್ತಾನ.”

ಪ್ರಿಯದರ್ಶಿನಿ ಅಳತೊಡಗಿದಳು. ಅಪ್ಪ ಸತ್ತಾಗ ಅತ್ತ ಹಾಗಲ್ಲ, ಸಣ್ಣವಳಿದ್ದಾಗ ಏನಾದರೂ ಕಸಿದುಕೊಂಡರೆ ಅಳುತ್ತಿದ್ದ ಹಾಗೆ. ಗದ್ದೆಮ್ಮ ಸಮಾಧಾನ ಹೇಳಲು ಹೋಗಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, ಅದು ಮುಗಿಯುವವರೆಗೂ ಕೂತಳು. ತನ್ನ ಕಣ್ಣು ಮುಟ್ಟಿ ನೋಡಿಕೊಂಡಳು. ಒಣಗಿತ್ತು.

“ಮುಂದಿನ ವಾರ ಮತ್ತ ರಾಯಚೂರಿಗೆ ಹೋಗಬೇಕು” ಎಂದಳು ಮಗಳ ಅಳು ನಿಂತ ಮೇಲೆ. “ನೀನೂ ಬಾ. ಮಿಕ್ಸರ್ ಡಬ್ಬಿ ದೊಡ್ಡದದ, ಬಸ್ಸಿನ್ಯಾಗ ಒಬ್ಬಾಕಿಗೆ ಆಗಂಗಿಲ್ಲ. ಫೋಟೋ ಬ್ಯಾರೆ ತೆಗೀತಾರಂತ.”

ಮಗಳು ಮೂಗು ಒರೆಸಿಕೊಂಡದ್ದು ಕೇಳಿಸಿತು. “ಯಾವ ಸೀರಿ ಉಡ್ತೀ ಬೇ?”

ಗದ್ದೆಮ್ಮ ತನ್ನ ಮೈಮೇಲಿನ ಸೀರೆಯ ಕಡೆ ನೋಡಿಕೊಂಡಳು. “ಗೊತ್ತಿಲ್ಲ. ಪೆಟಗಿ ತೆಗದು ನೋಡಬೇಕು” ಎಂದಳು.